ಸ್ಥಳೀಯ ನಿರುದ್ಯೋಗ ಮತ್ತು ಕೈಗಾರಿಕೆಗಳ ಹಂಚಿಕೆ: ಕರ್ನಾಟಕದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಸುಗ್ಗಿ ಮುಗಿದ ಮೇಲೆ ರಾಯಚೂರು, ಯಾದಗಿರಿ, ಕಲಬುರಗಿ ಜಿಲ್ಲೆಗಳ ಎಷ್ಟೋ ಹಳ್ಳಿಗಳಿಂದ ಕುಟುಂಬಗಳು ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈಗಳ ಕಡೆಗೆ ಗುಳೆ ಹೋಗುತ್ತವೆ. ಅದೇ ಸೀಮೆಯಲ್ಲಿ ಕಾರ್ಖಾನೆ ಬರುತ್ತದೆ, ಮನೆಗೊಂದು ಕೆಲಸ ಸಿಗುತ್ತದೆ ಎಂಬ ಮಾತಿನ ಮೇಲೆ ಹೊಲ ಬಿಟ್ಟುಕೊಟ್ಟವರೂ ಇದ್ದಾರೆ. ಈ ಎರಡು ಸಂಗತಿಗಳ ನಡುವೆ ಸರ್ಕಾರ ಏನು ಮಾಡಿದೆ, ಯಾವುದು ಕಾನೂನು, ಯಾವುದು ಬರೀ ಘೋಷಣೆ ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಾರೆ. ಅಂಥ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ನಿರುದ್ಯೋಗವನ್ನು ಇಡೀ ರಾಜ್ಯಕ್ಕೆ ಒಂದೇ ಅಂಕಿಯಲ್ಲಿ ಹೇಳಿದರೆ ಏನು ತೊಂದರೆ?

ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಬೆಂಗಳೂರು ನಗರ ಜಿಲ್ಲೆಯೊಂದರಿಂದಲೇ ಬರುತ್ತದೆ. ತಲಾ ಆದಾಯದ ಪಟ್ಟಿಯಲ್ಲಿ ಆ ಜಿಲ್ಲೆ ಮೊದಲಿದ್ದರೆ ಕಲಬುರಗಿ ಕೊನೆಯ ಸಾಲಿನಲ್ಲಿದೆ. ಇವೆರಡನ್ನೂ ಸೇರಿಸಿ ತೆಗೆದ ಸರಾಸರಿಯು ಎರಡೂ ಕಡೆಯ ನಿಜವನ್ನು ಹೇಳುವುದಿಲ್ಲ. ಅದರ ಜೊತೆಗೆ, ಕಾರ್ಮಿಕ ಬಲದ ರಾಷ್ಟ್ರೀಯ ಸಮೀಕ್ಷೆಯ ವಾರದ ಲೆಕ್ಕದಲ್ಲಿ ಹಿಂದಿನ 7 ದಿನಗಳ ಪೈಕಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದವರೂ ಉದ್ಯೋಗಸ್ಥರೆಂದೇ ಎಣಿಕೆಯಾಗುತ್ತಾರೆ. ಬಡ ತಾಲ್ಲೂಕಿನಲ್ಲಿ ಕೆಲಸವಿಲ್ಲದೆ ಸುಮ್ಮನೆ ಕುಳಿತಿರುವ ಶಕ್ತಿ ಯಾರಿಗಿದೆ? ಸಿಕ್ಕಿದ ಕೂಲಿಗೆ ಹೋಗುತ್ತಾರೆ, ಸಿಗದಿದ್ದರೆ ಊರು ಬಿಡುತ್ತಾರೆ. ಹಾಗಾಗಿ ಹಿಂದುಳಿದ ಜಿಲ್ಲೆಯ ನಿರುದ್ಯೋಗವು ಅಂಕಿಯಲ್ಲಿ ಕಡಿಮೆ ಕಾಣುತ್ತದೆ, ಬಸ್ ನಿಲ್ದಾಣದಲ್ಲಿ ಗಂಟುಮೂಟೆ ಹೊತ್ತು ನಿಂತವರಲ್ಲಿ ಕಣ್ಣಿಗೆ ಬೀಳುತ್ತದೆ.

ನಂಜುಂಡಪ್ಪ ವರದಿ ಏನು ಹೇಳಿತು? ಅದರಿಂದ ಉದ್ಯೋಗ ಹೆಚ್ಚಿತೇ?

ಪ್ರಾದೇಶಿಕ ಅಸಮತೋಲನ ನಿವಾರಣೆಗೆಂದು ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯಲ್ಲಿ 2000ದಲ್ಲಿ ರಚನೆಯಾದ ಉನ್ನತಾಧಿಕಾರ ಸಮಿತಿ 2002ರಲ್ಲಿ ವರದಿ ಸಲ್ಲಿಸಿತು. ಜಿಲ್ಲೆಯ ಬದಲು ತಾಲ್ಲೂಕನ್ನು ಅಳತೆಯ ಘಟಕವಾಗಿ ಹಿಡಿದದ್ದು ಅದರ ದೊಡ್ಡ ಕೊಡುಗೆ. 35 ಸೂಚಕಗಳನ್ನು ಇಟ್ಟುಕೊಂಡು ಅಂದಿನ 175 ತಾಲ್ಲೂಕುಗಳನ್ನು ತೂಗಿದಾಗ 114 ತಾಲ್ಲೂಕುಗಳು ಹಿಂದುಳಿದಿವೆ ಎಂದು ಕಂಡುಬಂತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರ ಕರ್ನಾಟಕದಲ್ಲಿದ್ದವು. ಉಳಿದ 13 ದಕ್ಷಿಣದಲ್ಲಿದ್ದವು ಎಂಬುದನ್ನೂ ಮರೆಯಬಾರದು, ಏಕೆಂದರೆ ಈ ಚರ್ಚೆ ಬಹುಬೇಗ ಉತ್ತರ-ದಕ್ಷಿಣದ ಜಗಳವಾಗಿಬಿಡುತ್ತದೆ.

8 ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆಯನ್ನು ಸಮಿತಿ ಶಿಫಾರಸು ಮಾಡಿತ್ತು. ಯೋಜನೆ 2007-08ರಲ್ಲಿ ಆರಂಭವಾಯಿತು. ರಸ್ತೆ, ಶಾಲಾ ಕೊಠಡಿ, ಆಸ್ಪತ್ರೆ ಕಟ್ಟಡಗಳು ಬಂದವು, ಅವು ಬೇಕಾಗಿದ್ದವು ಕೂಡ. ಆದರೆ ಕಟ್ಟಡಕ್ಕೆ ಹೋದ ಹಣ ಕೆಲಸವಾಗಿ ತಾನಾಗಿ ಮಾರ್ಪಡುವುದಿಲ್ಲ. ಎರಡು ದಶಕಗಳ ನಂತರ, 2024ರಲ್ಲಿ, ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ಅವರ ನೇತೃತ್ವದಲ್ಲಿ ಇದೇ ವಿಷಯಕ್ಕೆ ಮತ್ತೊಂದು ಸಮಿತಿಯನ್ನು ರಚಿಸಬೇಕಾಗಿ ಬಂದದ್ದು ಕಾಯಿಲೆ ವಾಸಿಯಾಗಿಲ್ಲ ಎಂಬುದರ ಒಪ್ಪಿಗೆಯೇ ಆಗಿದೆ.

ಸಂವಿಧಾನದ 371(ಜೆ) ವಿಧಿ ಇರುವಾಗ ಕಲ್ಯಾಣ ಕರ್ನಾಟಕದ ಕಾರ್ಖಾನೆಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಇದೆಯಲ್ಲವೇ?

ಇಲ್ಲ. ಅತಿ ಹೆಚ್ಚು ಜನ ತಪ್ಪಾಗಿ ತಿಳಿದಿರುವುದು ಇದನ್ನೇ. ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಬಂದ ಈ ವಿಧಿಯು ಸರ್ಕಾರಿ ಹುದ್ದೆ ಮತ್ತು ಶಿಕ್ಷಣ ಸಂಸ್ಥೆಗಳ ಸೀಟುಗಳಿಗೆ ಸಂಬಂಧಿಸಿದ್ದು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳಲ್ಲಿನ ಸರ್ಕಾರಿ ಹುದ್ದೆಗಳ ಪೈಕಿ ‘ಸಿ’ ಗುಂಪಿನಲ್ಲಿ 80%, ‘ಡಿ’ ಗುಂಪಿನಲ್ಲಿ 85% ಸ್ಥಳೀಯರಿಗೆ ಮೀಸಲು. ರಾಜ್ಯಮಟ್ಟದ ಕಚೇರಿಗಳಲ್ಲಿ 8% ಪಾಲಿದೆ. ಇದನ್ನು ಪಡೆಯಲು ಉಪವಿಭಾಗಾಧಿಕಾರಿಯಿಂದ ಅರ್ಹತಾ ಪ್ರಮಾಣಪತ್ರ ತೆಗೆದುಕೊಳ್ಳಬೇಕು. ಖಾಸಗಿ ಕಾರ್ಖಾನೆಯ ಬಾಗಿಲಿಗೆ ಈ ಪ್ರಮಾಣಪತ್ರ ಹಿಡಿದು ಹೋದರೆ ಅದಕ್ಕೆ ಕಾನೂನಿನ ಬಲವಿಲ್ಲ.

ಸರ್ಕಾರಿ ಹುದ್ದೆಯ ಮಟ್ಟಿಗೂ ಮೀಸಲಾತಿ ಫಲ ಕೊಡುವುದು ನೇಮಕಾತಿ ನಡೆದಾಗ ಮಾತ್ರ. ರಾಜ್ಯ ಸರ್ಕಾರದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆಗಳು ಖಾಲಿ ಇವೆ. ಧಾರವಾಡ, ಕಲಬುರಗಿಗಳ ಬಾಡಿಗೆ ಕೊಠಡಿಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತ ವಯೋಮಿತಿ ದಾಟುತ್ತಿರುವ ಯುವಕ-ಯುವತಿಯರಿಗೆ ಹೊಸ ಯೋಜನೆಗಿಂತ ಮೊದಲು ಬೇಕಾಗಿರುವುದು ಹಳೆಯ ಹುದ್ದೆಗಳ ಅಧಿಸೂಚನೆ.

ಸರೋಜಿನಿ ಮಹಿಷಿ ವರದಿಗೆ ಕಾನೂನಿನ ಬಲವಿದೆಯೇ?

ಅದು ಶಿಫಾರಸು ಮಾತ್ರ. ಕನ್ನಡಿಗರಿಗೆ ಉದ್ಯೋಗ ಎಂಬ ವಿಷಯದ ಮೇಲೆ ಸರೋಜಿನಿ ಮಹಿಷಿ ಅವರ ನೇತೃತ್ವದಲ್ಲಿ 1983ರಲ್ಲಿ ರಚನೆಯಾದ ಸಮಿತಿಯು 1986ರಲ್ಲಿ ಅಂತಿಮ ವರದಿ ನೀಡಿ 58 ಶಿಫಾರಸುಗಳನ್ನು ಮಾಡಿತು. ರಾಜ್ಯದಲ್ಲಿರುವ ಕೇಂದ್ರ ಸರ್ಕಾರದ ಕಚೇರಿ ಮತ್ತು ಉದ್ಯಮಗಳ ‘ಸಿ’, ‘ಡಿ’ ಗುಂಪಿನ ಹುದ್ದೆಗಳು ಪೂರ್ತಿಯಾಗಿ ಕನ್ನಡಿಗರಿಗೆ ಸಿಗಬೇಕೆಂಬುದು ಅವುಗಳಲ್ಲಿ ಮುಖ್ಯವಾದದ್ದು. ಬೆಂಗಳೂರಿನ ದೊಡ್ಡ ಸಾರ್ವಜನಿಕ ಉದ್ಯಮಗಳಲ್ಲಿ ಸಾವಿರಾರು ನೇಮಕಾತಿಗಳು ನಡೆಯುತ್ತಿದ್ದ ಕಾಲದ ವರದಿ ಅದು. ಇಂದು ಕೆಲಸ ಹುಟ್ಟುವ ಜಾಗ ಬೇರೆಯಾಗಿದೆ, ಗುತ್ತಿಗೆ ಏಜೆನ್ಸಿಯ ಮೂಲಕ ನೇಮಕವಾಗುವುದೇ ರೂಢಿಯಾಗಿದೆ.

2024ರ ಸ್ಥಳೀಯ ಅಭ್ಯರ್ಥಿಗಳ ಉದ್ಯೋಗ ಮಸೂದೆ ಏನಾಯಿತು?

ಕೈಗಾರಿಕೆ, ಕಾರ್ಖಾನೆ ಮತ್ತು ಇತರ ಸಂಸ್ಥೆಗಳಲ್ಲಿ ಸ್ಥಳೀಯ ಅಭ್ಯರ್ಥಿಗಳಿಗೆ ಉದ್ಯೋಗ ನೀಡುವ ಮಸೂದೆಗೆ ಸಚಿವ ಸಂಪುಟವು 2024ರ ಜುಲೈನಲ್ಲಿ ಒಪ್ಪಿಗೆ ಕೊಟ್ಟಿತು. ಆಡಳಿತ ವರ್ಗದ ಹುದ್ದೆಗಳಲ್ಲಿ 50%, ಉಳಿದ ಹುದ್ದೆಗಳಲ್ಲಿ 70% ಸ್ಥಳೀಯರಿಗೆ ಎಂಬುದು ಅದರ ತಿರುಳು. ಕರ್ನಾಟಕದಲ್ಲಿ ಹುಟ್ಟಿ, 15 ವರ್ಷ ವಾಸವಿದ್ದು, ಕನ್ನಡವನ್ನು ಮಾತನಾಡಲು, ಓದಲು, ಬರೆಯಲು ಬಲ್ಲವರು ಸ್ಥಳೀಯರು. ಪ್ರೌಢಶಾಲೆಯಲ್ಲಿ ಕನ್ನಡ ಕಲಿಯದವರು ಭಾಷಾ ಪರೀಕ್ಷೆ ಪಾಸಾಗಬೇಕು. ಅರ್ಹರು ಸಿಗದಿದ್ದರೆ ಸಂಸ್ಥೆಯು 3 ವರ್ಷಗಳೊಳಗೆ ಸ್ಥಳೀಯರಿಗೆ ತರಬೇತಿ ಕೊಡಬೇಕು. ಉಲ್ಲಂಘಿಸಿದರೆ ದಂಡ 10,000ದಿಂದ 25,000 ರೂಪಾಯಿ. ಉದ್ಯಮ ವಲಯದಿಂದ, ಅದರಲ್ಲೂ ಮಾಹಿತಿ ತಂತ್ರಜ್ಞಾನ ಕ್ಷೇತ್ರದಿಂದ, ತೀವ್ರ ಆಕ್ಷೇಪ ಬಂದ ಕೂಡಲೇ ಕೆಲವೇ ದಿನಗಳಲ್ಲಿ ಸರ್ಕಾರ ಅದನ್ನು ತಡೆಹಿಡಿಯಿತು.

ಕಾನೂನಿನ ತೊಡಕೂ ಚಿಕ್ಕದಲ್ಲ. ಸ್ಥಳೀಯರಿಗೆ 75% ಮೀಸಲಿಟ್ಟ ಹರಿಯಾಣದ ಕಾಯ್ದೆಯನ್ನು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2023ರ ನವೆಂಬರ್‌ನಲ್ಲಿ ಅಸಾಂವಿಧಾನಿಕವೆಂದು ರದ್ದುಪಡಿಸಿತು. ವಾಸಸ್ಥಳದ ಆಧಾರದ ಮೇಲೆ ಸರ್ಕಾರಿ ಹುದ್ದೆಗೆ ಷರತ್ತು ಹಾಕುವ ಅಧಿಕಾರವನ್ನೇ ಸಂವಿಧಾನದ 16(3)ನೇ ವಿಧಿ ಸಂಸತ್ತಿಗೆ ಮಾತ್ರ ಕೊಟ್ಟಿದೆ. ಅಂದಮೇಲೆ ಖಾಸಗಿ ಮಾಲೀಕರ ಮೇಲೆ ರಾಜ್ಯದ ಶಾಸಕಾಂಗ ಅಂಥ ಷರತ್ತು ಹೇರುವುದು ಇನ್ನೂ ಕಷ್ಟ.

ಈ ಮಸೂದೆಯ ಬಗ್ಗೆ ಬರಹಗಾರರ ಅಭಿಪ್ರಾಯವನ್ನೇ ಕೇಳುವವರಿಗೆ ಒಂದು ಮಾತು: ಕನ್ನಡಿಗರು ತಮ್ಮ ನೆಲದಲ್ಲಿ ಕೆಲಸ ಕೇಳುವುದು ಪೂರ್ತಿ ನ್ಯಾಯವಾದದ್ದು. ಆದರೆ ಆ ಮಸೂದೆ ಜಾರಿಗೆ ಬಂದಿದ್ದರೂ ರಾಯಚೂರು ಜಿಲ್ಲೆಯ ದೇವದುರ್ಗದ ಹುಡುಗನಿಗೆ ದೇವದುರ್ಗದಲ್ಲಿ ಕೆಲಸ ಸಿಗುತ್ತಿರಲಿಲ್ಲ, ಏಕೆಂದರೆ ಅಲ್ಲಿ ಮೀಸಲಿಡಲು ಹೇಳಿಕೊಳ್ಳುವಂಥ ಕಾರ್ಖಾನೆಗಳಿಲ್ಲ. ಮಸೂದೆಯೊಳಗೆ ನಿಜವಾಗಿ ಬೆಲೆಯುಳ್ಳದ್ದು 3 ವರ್ಷದ ತರಬೇತಿಯ ಷರತ್ತು. ಗದ್ದಲದಲ್ಲಿ ಅದರ ಬಗ್ಗೆ ಯಾರೂ ಮಾತನಾಡಲಿಲ್ಲ ಎಂಬುದು ಬೇಸರದ ಸಂಗತಿ.

ಹಾಗಾದರೆ ಈಗ ಕಂಪನಿಗಳಿಗೆ ಯಾವ ಬಾಧ್ಯತೆಯೂ ಇಲ್ಲವೇ?

ಇದೆ. ಆದರೆ ಅದು ಕಾಯ್ದೆಯಲ್ಲಿಲ್ಲ, ನೀತಿಯಲ್ಲಿದೆ. ರಾಜ್ಯದ ಕೈಗಾರಿಕಾ ನೀತಿಯಡಿ ರಿಯಾಯಿತಿ, ಸಹಾಯಧನ ಪಡೆಯುವ ಘಟಕಗಳು ಒಟ್ಟಾರೆ 70% ಮತ್ತು ‘ಡಿ’ ಗುಂಪಿನಲ್ಲಿ 100% ಉದ್ಯೋಗವನ್ನು ಕನ್ನಡಿಗರಿಗೆ ಕೊಡಬೇಕೆಂಬ ಷರತ್ತು 2020-25ರ ನೀತಿಯಲ್ಲಿ ಸ್ಪಷ್ಟವಾಗಿಯೇ ಇತ್ತು. ಸರ್ಕಾರದ ಹಣ ತೆಗೆದುಕೊಂಡವರು ಸರ್ಕಾರದ ಷರತ್ತಿಗೆ ಒಳಗಾಗುವುದು ಸಹಜವಾದ್ದರಿಂದ, ಎಲ್ಲರ ಮೇಲೂ ಹೇರುವ ಮೀಸಲಾತಿಗಿಂತ ಈ ದಾರಿ ಕಾನೂನಿನ ದೃಷ್ಟಿಯಿಂದ ಹೆಚ್ಚು ಗಟ್ಟಿಯಾದದ್ದು.

ದುರ್ಬಲವಾಗಿರುವುದು ಪರಿಶೀಲನೆ. ಗುತ್ತಿಗೆ ಕಾರ್ಮಿಕರನ್ನು ಯಾರ ಲೆಕ್ಕಕ್ಕೆ ಸೇರಿಸಬೇಕು, ಮೊದಲ ವರ್ಷ ತೋರಿಸಿದ ಪಟ್ಟಿ ಮೂರನೇ ವರ್ಷವೂ ಹಾಗೆಯೇ ಇದೆಯೇ ಎಂದು ಸ್ಥಳಕ್ಕೆ ಹೋಗಿ ನೋಡುವ ವ್ಯವಸ್ಥೆ ಬಲವಾಗಿಲ್ಲ. ಇನ್ನೊಂದು ಕೊರತೆಯೆಂದರೆ ‘ಕನ್ನಡಿಗ’ ಎಂಬುದು ರಾಜ್ಯಮಟ್ಟದ ವ್ಯಾಖ್ಯೆ. ಕಾರ್ಖಾನೆಯ ಹೊಗೆ ಕುಡಿಯುವ ಹಳ್ಳಿಯವರಿಗೆ ಅದರಲ್ಲಿ ಪ್ರತ್ಯೇಕ ಪಾಲಿಲ್ಲ.

2025-30ರ ಕೈಗಾರಿಕಾ ನೀತಿ ಹಿಂದುಳಿದ ತಾಲ್ಲೂಕುಗಳಿಗೆ ಏನು ಕೊಡುತ್ತದೆ?

2025ರ ಫೆಬ್ರುವರಿಯಲ್ಲಿ ಬಿಡುಗಡೆಯಾದ ಈ ನೀತಿ 7.5 ಲಕ್ಷ ಕೋಟಿ ರೂಪಾಯಿ ಹೂಡಿಕೆ ಮತ್ತು 20 ಲಕ್ಷ ಉದ್ಯೋಗಗಳ ಗುರಿ ಇಟ್ಟುಕೊಂಡಿದೆ. ರಾಜ್ಯವನ್ನು ಮೂರು ವಲಯಗಳಾಗಿ ವಿಂಗಡಿಸಿ, ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳನ್ನು ಮೂರನೇ ವಲಯದಲ್ಲಿಟ್ಟಿದೆ. ಬೆಂಗಳೂರಿನ ಹೊರಗೆ ಘಟಕ ಹೂಡುವವರಿಗೆ ಹೆಚ್ಚಿನ ಪ್ರೋತ್ಸಾಹ, ಬಂಡವಾಳ ಸಹಾಯಧನ ಅಥವಾ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶವಿದೆ.

ಆದರೂ ಉದ್ಯಮಿಯೊಬ್ಬರು ಬೆಂಗಳೂರನ್ನೇ ಬಯಸಿದರೆ ಅದಕ್ಕೆ ಸಹಾಯಧನದಾಚೆಯ ಕಾರಣಗಳಿರುತ್ತವೆ. ಬಿಡಿಭಾಗ ಪೂರೈಸುವ ಸಣ್ಣ ಘಟಕಗಳು, ತರಬೇತಾದ ಕೈಗಳು, ವಿಮಾನ ನಿಲ್ದಾಣ, ಎಂಜಿನಿಯರುಗಳ ಮಕ್ಕಳಿಗೆ ಶಾಲೆ ಎಲ್ಲವೂ ಅಲ್ಲಿವೆ. ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳು ಬೆಳೆದದ್ದು ತಲೆಮಾರುಗಳ ಕುಶಲತೆಯ ಮೇಲೆ, ಅದೇ ತಳಹದಿಯ ಮೇಲೆ ಆ ಜಿಲ್ಲೆಯಲ್ಲಿ ವಿಮಾನದ ಬಿಡಿಭಾಗ ತಯಾರಿಕೆಯೂ ಬಂತು. ಒಂದು ಕಸುಬು ನೆಲೆ ನಿಂತಿರುವ ಊರನ್ನು ಗುರುತಿಸಿ ಅದನ್ನು ಬೆಳೆಸುವುದು, ಬಯಲಿನಲ್ಲಿ ಬೇಲಿ ಹಾಕಿ ಕಂಪನಿಗಾಗಿ ಕಾಯುವುದಕ್ಕಿಂತ ಭದ್ರವಾದ ದಾರಿ. ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಸುಮಾರು 400 ಎಕರೆಯಲ್ಲಿ ಆಟಿಕೆ ತಯಾರಿಕಾ ಕ್ಲಸ್ಟರ್ ಕಟ್ಟುವ ಪ್ರಯತ್ನವನ್ನು ಈ ದೃಷ್ಟಿಯಿಂದ ಗಮನಿಸಬೇಕು: ಹೆಚ್ಚು ಕೈಗಳನ್ನು ಬೇಡುವ, ಕಡಿಮೆ ನೀರು ಕುಡಿಯುವ ಕೈಗಾರಿಕೆ ಅದು.

ಹೂಡಿಕೆದಾರರ ಸಮಾವೇಶಗಳಲ್ಲಿ ಘೋಷಣೆಯಾಗುವ ಲಕ್ಷ ಕೋಟಿಗಳು ಉದ್ಯೋಗವಾಗಿ ಏಕೆ ಕಾಣುವುದಿಲ್ಲ?

ಮೊದಲ ಕಾರಣ, ಒಡಂಬಡಿಕೆ ಎಂಬುದು ಇಚ್ಛೆಯ ಪ್ರಕಟಣೆ ಮಾತ್ರ. ಅದನ್ನು ಪಾಲಿಸಲೇಬೇಕೆಂಬ ಕಟ್ಟುಪಾಡಿಲ್ಲ. ಎರಡನೆಯದನ್ನು ಲೆಕ್ಕ ಹಾಕಿಯೇ ನೋಡಬೇಕು. 2025ರ ಸಮಾವೇಶದಲ್ಲಿ 10.27 ಲಕ್ಷ ಕೋಟಿ ರೂಪಾಯಿ ಹೂಡಿಕೆ, 6 ಲಕ್ಷ ಉದ್ಯೋಗ ಎಂದು ಸರ್ಕಾರ ಪ್ರಕಟಿಸಿತು. ಭಾಗಿಸಿದರೆ ಒಂದು ಉದ್ಯೋಗಕ್ಕೆ ಸುಮಾರು 1.7 ಕೋಟಿ ರೂಪಾಯಿ ಬಂಡವಾಳ. ಅದೇ ಸಮಾವೇಶದಲ್ಲಿ ಬಿಡುಗಡೆಯಾದ ನೀತಿಯ ಗುರಿಯನ್ನು ಭಾಗಿಸಿದರೆ ಒಂದು ಉದ್ಯೋಗಕ್ಕೆ 37.5 ಲಕ್ಷ. ಅಂದರೆ ಬಂದಿರುವ ಭರವಸೆಗಳ ಸ್ವರೂಪವೇ ನೀತಿಯ ಗುರಿಗೆ ಹೊಂದುವುದಿಲ್ಲ. ಸೌರ ಮತ್ತು ಪವನ ವಿದ್ಯುತ್ತಿನಂಥ ಯೋಜನೆಗಳಿಗೆ ಬಂಡವಾಳ ಅಪಾರ, ಕಟ್ಟುವ ಕಾಲ ಮುಗಿದ ಮೇಲೆ ಬೇಕಾಗುವ ಜನ ಬೆರಳೆಣಿಕೆಯಷ್ಟು. ಇಂಥ ಯೋಜನೆಗಳು ರಾಜ್ಯಕ್ಕೆ ಬೇಕು. ಆದರೆ ಅವನ್ನು ನಿರುದ್ಯೋಗ ನಿವಾರಣೆಯ ಖಾತೆಗೆ ಬರೆಯುವುದು ಸರಿಯಲ್ಲ.

ಭೂಮಿ ಕೊಟ್ಟ ಕುಟುಂಬಕ್ಕೆ ಒಂದು ಕೆಲಸ ಎಂಬ ಮಾತಿಗೆ ಏನು ಆಧಾರ?

ಭೂಸ್ವಾಧೀನ ನಡೆಯುವುದು 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಡಿ. ಪರಿಹಾರವನ್ನು ಹಣದಲ್ಲಿ ಪಡೆಯಬಹುದು ಅಥವಾ ಎಕರೆಗೆ 10,781 ಚದರ ಅಡಿಯ ಅಭಿವೃದ್ಧಿಪಡಿಸಿದ ನಿವೇಶನವಾಗಿ ಪಡೆಯುವ ಅವಕಾಶವನ್ನು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಕೊಡುತ್ತ ಬಂದಿದೆ. ಕುಟುಂಬಕ್ಕೊಂದು ಕೆಲಸ ಎಂಬುದು ನೀತಿಯ ಷರತ್ತಾಗಿ, ಅಧಿಕಾರಿಗಳ ಭರವಸೆಯಾಗಿ ಬರುತ್ತದೆ. ಕಾರ್ಖಾನೆ ಬರದೇ ಹೋದರೆ ಆ ಭರವಸೆಯನ್ನು ಯಾರ ಬಳಿ ಕೇಳುವುದು?

ಬಳ್ಳಾರಿ ಜಿಲ್ಲೆಯ ಕುಡಿತಿನಿ ಭಾಗದ ರೈತರು ಕೇಳುತ್ತಿರುವುದು ಇದನ್ನೇ. 2010ರ ಸುಮಾರಿಗೆ ಉಕ್ಕಿನ ಕಾರ್ಖಾನೆಗಳಿಗೆಂದು ಅಲ್ಲಿ ಸಾವಿರಾರು ಎಕರೆ ಸ್ವಾಧೀನವಾಯಿತು. ಹೇಳಿದ ಕಾರ್ಖಾನೆಗಳು ಬರಲಿಲ್ಲ, ಹೊಲವೂ ಮರಳಲಿಲ್ಲ. 2022ರ ಡಿಸೆಂಬರ್‌ನಿಂದ ಅವರು ಧರಣಿ ಕುಳಿತರು. ಯಾದಗಿರಿ ಜಿಲ್ಲೆಯ ಕಡೇಚೂರು-ಬಾಡಿಯಾಳದಲ್ಲಿ 3,000 ಎಕರೆಗೂ ಹೆಚ್ಚು ಭೂಮಿ ಕೈಗಾರಿಕಾ ಪ್ರದೇಶವಾಯಿತು. ರೈಲ್ವೆ ಬೋಗಿ ಕಾರ್ಖಾನೆ ಬಂದರೂ, ನಂತರ ಹೆಚ್ಚಾಗಿ ಬಂದವು ಔಷಧ ಮತ್ತು ರಾಸಾಯನಿಕ ಘಟಕಗಳು. ದುರ್ವಾಸನೆ ಮತ್ತು ನೀರು ಕೆಡುವ ದೂರು ಸುತ್ತಲಿನ ಹಳ್ಳಿಗಳಿಂದ ನಿಂತಿಲ್ಲ. ಇವನ್ನೆಲ್ಲ ನೋಡಿದವರಿಗೆ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು 13 ಹಳ್ಳಿಗಳ 1,777 ಎಕರೆಗಾಗಿ ಮೂರು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿದ್ದು ಅರ್ಥವಾಗುತ್ತದೆ. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನವನ್ನು ಕೈಬಿಟ್ಟಿತು.

ಸ್ವಾಧೀನವಾಗಿ ನಿಗದಿತ ವರ್ಷಗಳೊಳಗೆ ಕಾರ್ಖಾನೆ ಆರಂಭವಾಗದ ಭೂಮಿಯನ್ನು ಹಿಂದಿರುಗಿಸುವ ಅಥವಾ ಆ ಅವಧಿಗೆ ರೈತನಿಗೆ ವಾರ್ಷಿಕ ಗೇಣಿ ಕೊಡುವ ನಿಯಮ ಬರಬೇಕು. ಅದು ಬರುವ ತನಕ ವಿಳಂಬದ ನಷ್ಟವನ್ನೆಲ್ಲ ಹೊಲ ಕಳೆದುಕೊಂಡವನೇ ಹೊರುತ್ತಾನೆ.

ಕೆಲಸ ಬೇಕು ಎನ್ನುವವರೇ ಕಾರ್ಖಾನೆ ಬೇಡ ಎನ್ನುವುದು ವಿರೋಧಾಭಾಸವಲ್ಲವೇ?

ಕೊಪ್ಪಳ ನಗರದ ಪಕ್ಕದಲ್ಲೇ ಉಕ್ಕಿನ ಕಾರ್ಖಾನೆಯ ವಿಸ್ತರಣೆಯನ್ನು ವಿರೋಧಿಸಿ 2025ರ ಫೆಬ್ರುವರಿಯಲ್ಲಿ ಬಂದ್ ನಡೆದಾಗ ಈ ಪ್ರಶ್ನೆ ಎದ್ದಿತ್ತು. ಅಲ್ಲಿನವರು ಮೆದು ಕಬ್ಬಿಣದ (ಸ್ಪಾಂಜ್ ಐರನ್) ಘಟಕಗಳ ಕರಿ ಧೂಳನ್ನು ವರ್ಷಗಳಿಂದ ಉಂಡವರು. ಯಾವ ಕಾರ್ಖಾನೆ, ಎಲ್ಲಿ, ಎಷ್ಟು ಜನರಿಗೆ ಕೆಲಸ ಎಂದು ಕೇಳುವ ಹಕ್ಕು ಅವರಿಗಿದೆ.

ಮುಚ್ಚಿದ ಕಾರ್ಖಾನೆಗಳ ಊರುಗಳ ಗತಿಯೇನು?

ಭದ್ರಾವತಿಯನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಮೈಸೂರು ಸಂಸ್ಥಾನವು ಸುತ್ತಲಿನ ಕಾಡು ಮತ್ತು ಕೆಮ್ಮಣ್ಣುಗುಂಡಿಯ ಅದಿರನ್ನು ನೆಚ್ಚಿ ಕಟ್ಟಿದ ಕಬ್ಬಿಣದ ಕಾರ್ಖಾನೆಯಿಂದ ಬೆಳೆದ ಊರು ಅದು. 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. 2023ರ ಜನವರಿಯಲ್ಲಿ ವಿಶ್ವೇಶ್ವರಯ್ಯ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಂದಾಗ ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕುಳಿತರು. ಕೋಲಾರ ಚಿನ್ನದ ಗಣಿ 2001ರ ಫೆಬ್ರುವರಿಯಲ್ಲೇ ಮುಚ್ಚಿತು. ಇವತ್ತಿಗೂ ಕೆಜಿಎಫ್‌ನಿಂದ ನಸುಕಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವವರು ಸಾವಿರಾರು ಮಂದಿ. ಹೊಸ ಕೈಗಾರಿಕಾ ಪ್ರದೇಶಕ್ಕೆ ಹೊಲ ಹುಡುಕುವ ಮೊದಲು ಸರ್ಕಾರ ಈ ಊರುಗಳತ್ತ ನೋಡಬೇಕು. ಇಲ್ಲಿ ಭೂಮಿ, ರೈಲು, ನೀರು, ಯಂತ್ರ ಬಲ್ಲ ಜನ ಎಲ್ಲವೂ ಆಗಲೇ ಇವೆ.

ಯುವನಿಧಿ ಯಾರಿಗೆ ಸಿಗುತ್ತದೆ?

ಇದು ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ, ಗರಿಷ್ಠ 2 ವರ್ಷ. 2023ರಲ್ಲಿ ತೇರ್ಗಡೆಯಾದವರಿಂದ ಆರಂಭಿಸಿ, 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಯೋಜನೆಗೆ ಚಾಲನೆ ಕೊಡಲಾಯಿತು. ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದವರು ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಉನ್ನತ ಶಿಕ್ಷಣ ಮುಂದುವರಿಸಿದವರಿಗೆ, ಅಪ್ರೆಂಟಿಸ್ ಭತ್ಯೆ ಪಡೆಯುವವರಿಗೆ ಇದು ಅನ್ವಯಿಸದು. ಕೆಲಸ ಸಿಕ್ಕಿಲ್ಲವೆಂಬ ಸ್ವಯಂಘೋಷಣೆಯನ್ನು ಕಾಲಕಾಲಕ್ಕೆ ಸಲ್ಲಿಸದಿದ್ದರೆ ಹಣ ನಿಲ್ಲುತ್ತದೆ. ಪರೀಕ್ಷೆಯ ಅರ್ಜಿ ಶುಲ್ಕಕ್ಕೂ ಬಸ್ಸಿನ ಖರ್ಚಿಗೂ ಮನೆಯವರ ಮುಂದೆ ಕೈಚಾಚುವ ಮುಜುಗರವನ್ನು ಈ ಮೊತ್ತ ತಪ್ಪಿಸುತ್ತದೆ. ಅಷ್ಟರಮಟ್ಟಿಗೆ ಇದು ದೊಡ್ಡ ನೆರವು.

ಕೌಶಲ ತರಬೇತಿಯಿಂದ ನಿಜವಾಗಿ ಕೆಲಸ ಸಿಗುತ್ತದೆಯೇ?

ಸಿಗುವುದು ತರಬೇತಿ ಎಲ್ಲಿ, ಎಷ್ಟು ಕಾಲ ಎಂಬುದರ ಮೇಲೆ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಗಳಲ್ಲಿ ಕೆಲವು ವರ್ಷ ಯಂತ್ರದ ಮುಂದೆ ನಿಂತು ಕಲಿತು ಬಂದವರನ್ನು ಉದ್ಯಮಗಳು ಹುಡುಕಿಕೊಂಡು ಬರುತ್ತವೆ. ಕೆಲವೇ ವಾರಗಳ ಶಿಬಿರದ ಪ್ರಮಾಣಪತ್ರಕ್ಕೆ ಆ ಬೆಲೆಯಿಲ್ಲ. 150 ಸರ್ಕಾರಿ ಐಟಿಐಗಳನ್ನು 4,636 ಕೋಟಿ ರೂಪಾಯಿ ವೆಚ್ಚದ ಯೋಜನೆಯಡಿ ಆಧುನಿಕಗೊಳಿಸಿದ್ದು ಸರಿಯಾದ ದಿಕ್ಕಿನ ಹೆಜ್ಜೆ. ಹೊಸ ಯಂತ್ರ ನಡೆಸಬಲ್ಲ ಬೋಧಕರು ಪ್ರತಿ ಕೇಂದ್ರದಲ್ಲೂ ಇದ್ದರೆ ಮಾತ್ರ ಆ ಖರ್ಚು ಸಾರ್ಥಕ.

ಯಾರೂ ಹೆಚ್ಚು ಮಾತನಾಡದ ಇನ್ನೊಂದು ಸಾಧನ 1961ರ ಅಪ್ರೆಂಟಿಸ್ ಕಾಯ್ದೆ. 30 ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ 2.5%ರಿಂದ 15% ಪ್ರಮಾಣದಲ್ಲಿ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ಇದು ಆಗಲೇ ಜಾರಿಯಲ್ಲಿರುವ ಕೇಂದ್ರ ಕಾಯ್ದೆ. ಜಿಲ್ಲಾಡಳಿತವು ಸುತ್ತಲಿನ ಐಟಿಐಗಳ ವಿದ್ಯಾರ್ಥಿಗಳನ್ನು ಹತ್ತಿರದ ಕಾರ್ಖಾನೆಗಳಿಗೆ ಈ ದಾರಿಯಲ್ಲಿ ಜೋಡಿಸಿದರೆ, ಮೀಸಲಾತಿಯ ಮಸೂದೆ ಮಾಡಲಾಗದ ಕೆಲಸ ಸದ್ದಿಲ್ಲದೆ ಆಗುತ್ತದೆ. ಭೂಸ್ವಾಧೀನದ ಅಧಿಸೂಚನೆ ಬಂದ ದಿನವೇ ಅಲ್ಲಿನ ಯುವಜನರಿಗೆ ತರಬೇತಿಯೂ ಶುರುವಾಗಬೇಕು. ಕಾರ್ಖಾನೆ ಕಟ್ಟಿ ಮುಗಿಯುವ ಹೊತ್ತಿಗೆ ‘ಅರ್ಹರು ಸಿಗುತ್ತಿಲ್ಲ’ ಎಂಬ ಮಾತಿಗೆ ಅವಕಾಶವೇ ಇರುವುದಿಲ್ಲ. ನಮ್ಮಲ್ಲಿ ಈಗ ನಡೆಯುತ್ತಿರುವ ಕ್ರಮದಲ್ಲಿ ಮೊದಲು ಭೂಮಿ, ಆಮೇಲೆ ಸಹಾಯಧನ, ಎಲ್ಲಕ್ಕಿಂತ ಕೊನೆಗೆ ಕೆಲಸಗಾರ.

ಕೆಲಸ ಸಿಕ್ಕರೆ ಸಾಕೇ, ಅದರ ಗುಣಮಟ್ಟವನ್ನು ಯಾರು ನೋಡುತ್ತಾರೆ?

2020ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ನರಸಾಪುರದ ಮೊಬೈಲ್ ತಯಾರಿಕಾ ಘಟಕದಲ್ಲಿ ವೇತನದ ವಿಚಾರಕ್ಕೆ ಕಾರ್ಮಿಕರ ಸಿಟ್ಟು ಸಿಡಿದದ್ದು ಈ ಪ್ರಶ್ನೆಯನ್ನು ಎಲ್ಲರ ಮುಂದಿಟ್ಟಿತು. ಅಲ್ಲಿದ್ದವರಲ್ಲಿ ಬಹುಪಾಲು ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆ ಕಾರ್ಮಿಕರು. 2023ರಲ್ಲಿ ರಾಜ್ಯವು ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದು 12 ಗಂಟೆಗಳ ಪಾಳಿಗೂ ಮಹಿಳೆಯರ ರಾತ್ರಿ ಪಾಳಿಗೂ ದಾರಿ ಮಾಡಿತು. ಹಳ್ಳಿಯಿಂದ ಬರುವ ಹೆಣ್ಣುಮಕ್ಕಳಿಗೆ ಸುರಕ್ಷಿತ ಹಾಸ್ಟೆಲ್, ವಾಹನ, ಶಿಶುಪಾಲನಾ ಕೇಂದ್ರ ಇಲ್ಲದೆ ಅವರನ್ನು ರಾತ್ರಿ ಪಾಳಿಗೆ ಕರೆಯುವುದು ಅನ್ಯಾಯ.

ಸ್ವಂತ ಉದ್ದಿಮೆ ಮಾಡುವವರು ಎಲ್ಲಿಗೆ ಹೋಗಬೇಕು?

ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಡಿ ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷ ರೂಪಾಯಿವರೆಗಿನ ಯೋಜನೆಗೆ ಬ್ಯಾಂಕ್ ಸಾಲದ ಜೊತೆ 15%ರಿಂದ 35%ರವರೆಗೆ ಸಹಾಯಧನವಿದೆ. ಗ್ರಾಮೀಣ ಭಾಗದ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಗರಿಷ್ಠ ದರಕ್ಕೆ ಅರ್ಹರು. ರೊಟ್ಟಿ, ಖಾರದಪುಡಿ, ಬೇಳೆ ಮಿಲ್ಲು, ಎಣ್ಣೆ ಗಾಣದಂಥ ಆಹಾರ ಘಟಕಗಳಿಗೆ 35%, ಗರಿಷ್ಠ 10 ಲಕ್ಷದ ಸಹಾಯಧನ ಕೊಡುವ ಇನ್ನೊಂದು ಯೋಜನೆ ಕೃಷಿ ಇಲಾಖೆಯ ಮೂಲಕ ಸಿಗುತ್ತದೆ. ಕಲಬುರಗಿಯ ತೊಗರಿ ಕಲಬುರಗಿಯಲ್ಲೇ ಬೇಳೆಯಾದರೆ ಹುಟ್ಟುವ ಕೆಲಸಗಳು ಹಳ್ಳಿಗೆ ಹತ್ತಿರವಾದವು.

ನಮ್ಮ ತಾಲ್ಲೂಕಿನ ಕಾರ್ಖಾನೆ ಎಷ್ಟು ಸ್ಥಳೀಯರಿಗೆ ಕೆಲಸ ಕೊಟ್ಟಿದೆ ಎಂದು ತಿಳಿಯುವುದು ಹೇಗೆ?

ಮಾಹಿತಿ ಹಕ್ಕಿನಡಿ ಜಿಲ್ಲಾ ಕೈಗಾರಿಕಾ ಕೇಂದ್ರದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಹಾಕಿ. ಘಟಕಕ್ಕೆ ಅನುಮೋದನೆ ಕೊಟ್ಟ ಏಕಗವಾಕ್ಷಿ (ಸಿಂಗಲ್ ವಿಂಡೋ) ಸಮಿತಿಯ ನಡಾವಳಿಯ ಪ್ರತಿ, ಅದರಲ್ಲಿ ಹೇಳಿದ ಉದ್ಯೋಗ ಸಂಖ್ಯೆ, ಈವರೆಗೆ ಬಿಡುಗಡೆಯಾದ ಸಹಾಯಧನ, ಸ್ಥಳೀಯ ನೇಮಕಾತಿಯ ಬಗ್ಗೆ ಘಟಕ ಸಲ್ಲಿಸಿದ ವಿವರ ಇವಿಷ್ಟನ್ನು ಪ್ರತ್ಯೇಕ ಅಂಶಗಳಾಗಿ ಕೇಳಿ. 15 ಕೋಟಿ ರೂಪಾಯಿವರೆಗಿನ ಯೋಜನೆಗಳು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ಸಮಿತಿಯ ಮುಂದೆ ಬರುತ್ತವೆ. ಅದಕ್ಕಿಂತ ದೊಡ್ಡವುಗಳ ಕಡತ ಬೆಂಗಳೂರಿನಲ್ಲಿರುವ ಕರ್ನಾಟಕ ಉದ್ಯೋಗ ಮಿತ್ರದಲ್ಲಿರುತ್ತದೆ, ಹಾಗಾಗಿ ಅರ್ಜಿಯನ್ನು ನೇರವಾಗಿ ಅಲ್ಲಿಗೇ ಕಳಿಸಿದರೆ ಒಂದಷ್ಟು ದಿನ ಉಳಿಯುತ್ತದೆ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. 30 ದಿನಗಳೊಳಗೆ ಉತ್ತರ ಬರದಿದ್ದರೆ, ನಂತರದ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು.